ಮಾದಪ್ಪ ಬೀಸಿದ ರಾಗಿ: ಮುಪ್ಪಿನ ನೆಮ್ಮದಿಗೊಂದು ನೇಮ

॥ ಶ್ರೀ ಮಲೆ ಮಹದೇಶ್ವರ ಸ್ವಾಮಿ ಪ್ರಸನ್ನ ॥



ಎಪ್ಪತ್ತೇಳು ಮಲೆಯ ಒಡೆಯನಾದ ಮುದ್ದು ಮಾದಪ್ಪನ ಸನ್ನಿಧಿಗೆ ತಾವೆಲ್ಲರೂ ಬಂದಿದ್ದೀರಿ. ಮೈಸೂರು, ಮಂಡ್ಯ, ಕನಕಪುರ, ಬೆಂಗಳೂರು ಕಡೆಯಿಂದ ಬಸ್ಸಿನಲ್ಲಿ ಬಂದವರಿದ್ದೀರಿ, ತಾಳುಬೆಟ್ಟದಿಂದ ಬರಿಗಾಲಲ್ಲಿ ಹತ್ತಿ ಬಂದವರಿದ್ದೀರಿ, ಗಡಿಯಾಚೆ ತಮಿಳುನಾಡಿನ ಸೇಲಂ, ಈರೋಡು ಕಡೆಯವರೂ ಇದ್ದೀರಿ. ಬಂದವರೆಲ್ಲ ಏನಾದರೊಂದು ಬೇಡಿಕೊಂಡೇ ಬರುತ್ತಾರೆ. ಹುಡುಗರಾದರೆ ಕೆಲಸ, ಮದುವೆ. ಹೊಸದಾಗಿ ಮದುವೆಯಾದವರಾದರೆ ಮಗು. ರೈತನಾದರೆ ಮಳೆ, ಕೊಳವೆ ಬಾವೀಲಿ ನೀರು. ಇವೆಲ್ಲಾ ಸರಿಯೇ. ಆದರೆ ಅರವತ್ತು ದಾಟಿದವರ ಬೇಡಿಕೆ ಮಾತ್ರ ಹೆಚ್ಚಾಗಿ ಒಂದೇ ಇರುತ್ತದೆ. "ಇನ್ನೇನೂ ಬೇಡ ಕಣಪ್ಪಾ ಮಾದೇವ, ಕೊನೆಗಾಲಕ್ಕೆ ಒಂದಿಷ್ಟು ನೆಮ್ಮದಿ ಕೊಟ್ಟುಬುಡು."

ನಾನು ದೇವಸ್ಥಾನದ ಕಚೇರಿಯಲ್ಲಿ ಗುಮಾಸ್ತನಾಗಿರುವವನು. ಓದಿರೋದು ಪಿಯುಸಿ. ಶಾಸ್ತ್ರ, ಆಗಮ ಬಲ್ಲವನಲ್ಲ, ಪ್ರವಚನ ಮಾಡುವ ಸ್ವಾಮಿಗಳೂ ಅಲ್ಲ. ಆದರೂ ವರ್ಷಗಟ್ಟಲೆ ರಸೀದಿ ಬರೆಯುತ್ತಾ ಈ ಮಾತನ್ನು ಕೇಳಿಸಿಕೊಂಡಿದ್ದೇನೆ. ಉರುಳು ಸೇವೆಗೆ ಇಷ್ಟು, ಪಂಜಿನ ಸೇವೆಗೆ ಇಷ್ಟು ಎಂದು ದರ ಪಟ್ಟಿ ಇದೆ. ನೆಮ್ಮದಿಗೆ ದರ ಇಲ್ಲ. ಹಾಗಾದರೆ ಅದು ಎಲ್ಲಿ ಸಿಗುತ್ತೆ? ಸ್ವಾಮಿಯ ಚರಿತ್ರೆಯಲ್ಲೇ ಇದಕ್ಕೊಂದು ದಾರಿ ಇದೆ ಎಂದು ನನಗೆ ತೋರಿದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು, ವಯಸ್ಸಾದ ಮೇಲೆ ನೆಮ್ಮದಿ ಕೆಡುವುದು ಏಕೆ ಅಂತ ನೋಡೋಣ. ಕಾಯಿಲೆಯಿಂದ, ಬಡತನದಿಂದ, ಮಕ್ಕಳ ಅಸಡ್ಡೆಯಿಂದ ಕೆಡುತ್ತೆ, ನಿಜ. ಆದರೆ ಗಟ್ಟಿಮುಟ್ಟಾಗಿರುವವರು, ಎರಡು ಹೊತ್ತು ಊಟಕ್ಕೆ ತೊಂದರೆಯಿಲ್ಲದವರು, ಪಿಂಚಣಿ ಬರುವವರು ಕೂಡ ಇದೇ ಮಾತು ಆಡುತ್ತಾರಲ್ಲ? ಅವರನ್ನು ಕೂರಿಸಿ ಕೇಳಿದರೆ ಇನ್ನೊಂದು ಮಾತು ಹೊರಗೆ ಬರುತ್ತೆ: "ಹೊತ್ತೇ ಹೋಗಲ್ಲ ಸ್ವಾಮಿ." ಗುಟ್ಟು ಇರೋದು ಇಲ್ಲಿ. ಬೇಸಾಯಗಾರನಿಗೆ ನಲವತ್ತು ವರ್ಷ ಕೋಳಿ ಕೂಗಿದ್ದೇ ಏಳುವ ಹೊತ್ತು, ಹಸು ಕೂಗಿದ್ದೇ ಹಾಲು ಕರೆಯುವ ಹೊತ್ತು. ಗುಮಾಸ್ತನಿಗೆ ಹತ್ತು ಗಂಟೆಯ ಹಾಜರಿ ಪುಸ್ತಕ. ಮನೆಯಾಕೆಗೆ ಒಲೆ. ಆಮೇಲೆ ಒಂದು ದಿನ ಮಗ ಹಸು ಮಾರಿಬಿಡುತ್ತಾನೆ, ಕಚೇರಿಯವರು ಹಾರ ಹಾಕಿ ಕಳಿಸುತ್ತಾರೆ, ಅಡಿಗೆಮನೆ ಸೊಸೆಯ ಕೈಗೆ ಹೋಗುತ್ತೆ. "ಇನ್ನು ಆರಾಮಾಗಿ ಕೂತ್ಕೊಳ್ಳಿ" ಅಂತಾರೆ. ಒಳ್ಳೇ ಮನಸ್ಸಿನಿಂದಲೇ ಅಂತಾರೆ. ಆದರೆ ಕೂತವನಿಗೆ ಬೆಳಗ್ಗೆ ಆರು ಗಂಟೆಯೂ ಒಂದೇ, ಹನ್ನೊಂದು ಗಂಟೆಯೂ ಒಂದೇ. ಮಡಕೆಗೆ ಕಂಠ ಇಲ್ಲದಿದ್ದರೆ ಹಿಡಿಯೋದು ಎಲ್ಲಿ? ಹಾಗೆ ದಿನಕ್ಕೆ ಹಿಡಿ ಇಲ್ಲದಂತಾಗುತ್ತೆ. ಆಗ ಮನಸ್ಸು ಹಳೇ ಲೆಕ್ಕ ತೆಗೆಯುತ್ತೆ. ಯಾರು ಏನಂದ್ರು, ಯಾವ ಮದುವೆಯಲ್ಲಿ ಯಾರು ಮಾತಾಡಿಸಲಿಲ್ಲ, ತಮ್ಮನಿಗೆ ಒಂದು ಗುಂಟೆ ಜಾಸ್ತಿ ಹೋಯಿತೇ, ಇದೇ ಯೋಚನೆ.

ಈಗ ಸ್ವಾಮಿಯ ಚರಿತ್ರೆಗೆ ಬರೋಣ. ಉತ್ತರ ದೇಶದಿಂದ ಬಂದ ಮಹದೇಶ್ವರರು ಈ ಮಲೆಗೆ ನೇರವಾಗಿ ಬಂದು ನೆಲೆಸಿದವರಲ್ಲ. ನಂಜನಗೂಡು ತಾಲ್ಲೂಕಿನಲ್ಲಿ ಕಪಿಲಾ ನದಿ ದಂಡೆಯ ಮೇಲಿರುವ ಸುತ್ತೂರು ಮಠಕ್ಕೆ ಬಂದರು. ಅಲ್ಲಿ ಅವರಿಗೆ ಸಿಕ್ಕಿದ ಕಾಯಕ ಏನು ಗೊತ್ತೇ? ರಾಗಿ ಬೀಸೋದು. ಮಠದ ದಾಸೋಹಕ್ಕೆ ಬೇಕಾದ ರಾಗಿಯನ್ನು ಬೀಸೋಕಲ್ಲಿನ ಮುಂದೆ ಕೂತು ಬೀಸಿದರು ಎಂದು ಪರಂಪರೆ ಹೇಳುತ್ತದೆ. ನಮ್ಮ ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯೆಲ್ಲಾ ಹಾಡುವ ಸ್ವಾಮಿಯ ಕಾವ್ಯದಲ್ಲಿ ಈ ಪ್ರಸಂಗ ಬರುತ್ತದೆ. ಆಮೇಲೆ ಕುಂತೂರು ಮಠ, ಆಮೇಲೆ ಈ ಎಪ್ಪತ್ತೇಳು ಮಲೆ. ಹುಲಿಯನ್ನೇ ವಾಹನ ಮಾಡಿಕೊಂಡ ಮಹಿಮಾವಂತರು, ಮೊದಲು ಕೂತಿದ್ದು ಬೀಸೋಕಲ್ಲಿನ ಮುಂದೆ! ನಾವು ಹುಲಿವಾಹನದ ಉತ್ಸವ ನೋಡಿ ಉಘೇ ಉಘೇ ಅನ್ನುತ್ತೇವೆ, ಬೀಸೋಕಲ್ಲನ್ನು ಮರೆತುಬಿಡುತ್ತೇವೆ.

ರಾಗಿ ಬೀಸಿದ ತಾಯಂದಿರು ಈಗಲೂ ನಮ್ಮ ನಡುವೆ ಇದ್ದಾರೆ, ಅವರನ್ನು ಕೇಳಿ ನೋಡಿ. ಬೀಸೋಕಲ್ಲಿಗೆ ಕಾಳನ್ನು ಹಿಡಿ ಹಿಡಿಯಾಗಿ ಹಾಕಬೇಕು. ಬೇಗ ಮುಗೀಲಿ ಅಂತ ಬೊಗಸೆ ತುಂಬ ಸುರಿದರೆ ಹಿಟ್ಟು ತರಿತರಿ ಬೀಳುತ್ತೆ, ಮುದ್ದೆಗೆ ಬರಲ್ಲ. ಕಲ್ಲನ್ನು ಜೋರಾಗಿ ತಿರುಗಿಸಿದರೆ ತೋಳು ಸೋಲುತ್ತೆ, ನಿಧಾನವಾದರೆ ಕಲ್ಲು ನಿಂತುಬಿಡುತ್ತೆ. ಒಂದೇ ಸಮ ತಿರುಗಬೇಕು. ಇನ್ನೊಂದು ವಿಚಾರ, ಈ ಕೆಲಸ ಮುಗಿಯೋದಿಲ್ಲ. ಇವತ್ತಿನ ಹಿಟ್ಟು ಇವತ್ತಿಗೆ, ನಾಳೆ ಮತ್ತೆ ಬೀಸಬೇಕು. ಇದಕ್ಕೆ ಹೊಗಳಿಕೆಯೂ ಇಲ್ಲ. ಹಾರ ಹಾಕುವವರು ಯಾರೂ ಬರೋದಿಲ್ಲ. ಊಟದ ಪಂಕ್ತೀಲಿ ಕೂತವರಿಗೆ ಬೀಸಿದವರು ಯಾರು ಅಂತಲೂ ಗೊತ್ತಿರಲ್ಲ. ಇಂಥ ಕೆಲಸವನ್ನು ಸ್ವಾಮಿ ಮಾಡಿದರು ಎಂದಮೇಲೆ, ಅರವತ್ತು ದಾಟಿದ ನಮಗೆ ಅದರಲ್ಲಿ ಒಂದು ಪಾಠ ಇಲ್ಲವೇ?

ಅದನ್ನು ನಾನು ನೇಮ ಎಂದು ಕರೆಯುತ್ತೇನೆ. ಒಂದು ಸಣ್ಣ ಕೆಲಸ. ದಿನಾ ಮಾಡುವಂಥದ್ದು. ತನ್ನ ಕೈಯಿಂದಲೇ ಆಗುವಂಥದ್ದು, ಇನ್ನೊಬ್ಬರನ್ನು ಕಾಯಬೇಕಾಗದಂಥದ್ದು.

ಸಣ್ಣದು ಅಂತ ಏಕೆ ಹೇಳಿದೆ ಅಂದರೆ, ಬೆಟ್ಟಕ್ಕೆ ಬಂದು ಸ್ವಾಮಿಯ ಮುಂದೆ ನಿಂತಾಗ ನಮ್ಮ ಉತ್ಸಾಹ ಮಿತಿ ಮೀರುತ್ತೆ. ನಾಳೆಯಿಂದ ನಾಲ್ಕು ಗಂಟೆಗೆ ಏಳ್ತೀನಿ, ತಣ್ಣೀರು ಸ್ನಾನ, ಸಾವಿರದೆಂಟು ಜಪ, ಐದು ಕಿಲೋಮೀಟರ್ ನಡಿಗೆ ಅಂತ ಹರಕೆ ಮಾಡಿಕೊಳ್ಳುತ್ತೇವೆ. ಮೂರನೇ ದಿನ ಮೊಣಕಾಲು ಹಿಡಿಯುತ್ತೆ, ನಾಲ್ಕನೇ ದಿನ ಜಪಮಾಲೆ ಗೂಟಕ್ಕೆ ಹೋಗುತ್ತೆ, ಐದನೇ ದಿನ "ನನ್ನ ಕೈಲಿ ಯಾವುದೂ ಆಗಲ್ಲ" ಎಂಬ ಕೊರಗು ಬೇರೆ. ಬೊಗಸೆ ತುಂಬ ಸುರಿದು ಹಿಟ್ಟು ಕೆಡಿಸಿದ ಹಾಗೆ. ಅದರ ಬದಲು ಒಂದು ಚೊಂಬು ನೀರನ್ನು ಬಿಲ್ವದ ಗಿಡಕ್ಕೋ ತುಳಸಿಗೋ ಹಾಕುವ ನೇಮ ಇಟ್ಟುಕೊಳ್ಳಿ. ಮನೆ ಮುಂದಿನ ನಾಲ್ಕು ಮಾರು ಜಾಗ ಗುಡಿಸಿ. ನಮ್ಮ ಬೆಟ್ಟದಲ್ಲಿ ಪೊರಕೆ ಹಿಡಿದು ದೇವಸ್ಥಾನದ ಸುತ್ತ ಗುಡಿಸುವುದೇ ಒಂದು ಹರಕೆ, ರಜಾ ಹೊಡೆಯುವ ಸೇವೆ ಎನ್ನುತ್ತಾರೆ. ಕೋಟಿ ಇದ್ದವರೂ ಬಂದು ಗುಡಿಸುತ್ತಾರೆ. ಇಲ್ಲಿ ಗುಡಿಸಿದರೆ ಸೇವೆ, ಮನೆ ಮುಂದೆ ಗುಡಿಸಿದರೆ ಕೂಲಿ ಕೆಲಸ ಅಂತ ಸ್ವಾಮಿ ಎಲ್ಲಾದರೂ ಹೇಳಿದ್ದಾರೆಯೇ?

ಹೊತ್ತು ನೆನಪಿರಲ್ಲ ಅನ್ನುವವರು ಹೊಸ ಕೆಲಸವನ್ನು ಹಳೇ ಕೆಲಸದ ಬಾಲಕ್ಕೆ ಕಟ್ಟಬೇಕು. ಹಲ್ಲುಜ್ಜಿದ ಮೇಲೆ ಗಿಡಕ್ಕೆ ನೀರು. ಕಾಫಿ ಕುಡಿದ ಮೇಲೆ ಬೀದಿ ಕೊನೆಯ ಅರಳಿಮರದ ತನಕ ನಡಿಗೆ. ದೀಪ ಹಚ್ಚಿದ ಮೇಲೆ ಹನ್ನೊಂದು ಸಲ ಶಿವನಾಮ. ಹೀಗೆ ಕಟ್ಟಿದರೆ ಗಡಿಯಾರ ನೋಡುವ ಕೆಲಸ ಇಲ್ಲ, ಒಂದರ ಹಿಂದೆ ಒಂದು ತಾನಾಗಿ ಬರುತ್ತೆ. ನಡಿಗೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ವಾರಕ್ಕೆ ಕನಿಷ್ಠ 150 ನಿಮಿಷ ಎಂದು ಹೇಳಿದ್ದಾರೆ, ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ಒಂದೇ ಸಲ ಆಗದವರು ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಎಂದು ಹಂಚಿಕೊಂಡರೂ ಫಲವಿದೆ. ಏನೂ ನಡೆಯದವರಿಗೆ ಅದೇ ದೊಡ್ಡ ಲಾಭ.

ನನಗೆ ಗೊತ್ತಿರುವ ಒಬ್ಬ ತಾಯಿ ಇದ್ದಾರೆ, ಹೆಸರು ಬೇಡ. ಅಮಾವಾಸ್ಯೆಗೆ ಬೆಟ್ಟಕ್ಕೆ ಬರುವ ವಾಡಿಕೆಯವರು. ಯಜಮಾನರು ತೀರಿಕೊಂಡ ಮೇಲೆ ಐದಾರು ತಿಂಗಳು ಬರಲೇ ಇಲ್ಲ. ಆಮೇಲೆ ಮಗ ಕರೆತಂದಾಗ ಮುಖ ಬಾಡಿಹೋಗಿತ್ತು, ಗೋಡೆ ಕಡೆ ತಿರುಗಿ ಕೂತರೆ ಕೂತೇ ಇರುತ್ತಾರೆ, ಅನ್ನ ಸೇರಲ್ಲ ಅಂತ ಮಗ ಹೇಳಿದ. ಮನೇಲಿ ಯಾರೂ ಅವರಿಗೆ ಒಂದು ಕಡ್ಡಿ ಎತ್ತಿಡಲೂ ಬಿಡುತ್ತಿರಲಿಲ್ಲ, ಅಷ್ಟು ಪ್ರೀತಿ. ಅದೇ ತೊಂದರೆಯಾಗಿತ್ತು ಅಂತ ನನಗನ್ನಿಸುತ್ತೆ. ಸೊಸೆ ಜಾಣೆ. ಒಂದು ಮಧ್ಯಾಹ್ನ ಮೊರದಲ್ಲಿ ರಾಗಿ ಹಾಕಿ ಮುಂದಿಟ್ಟು, "ಅತ್ತೆ, ನಂಗೆ ಕಣ್ಣು ಸಾಲದು, ಕಲ್ಲು ಆರಿಸಿಕೊಡಿ" ಅಂದಳಂತೆ. ಮಾರನೇ ದಿನವೂ ಇಟ್ಟಳು. ಮೂರನೇ ದಿನ ಅವರೇ ಮೊರ ಕೇಳಿದರು. ಮುಂದೆ ಅಕ್ಕಪಕ್ಕದ ಮನೆಯವರೂ ಅಕ್ಕಿ, ಬೇಳೆ ತಂದು ಜಗಲೀಲಿ ಇವರ ಹತ್ತಿರ ಕೂರೋದು ರೂಢಿಯಾಯಿತು. ದುಃಖ ಹೋಯಿತು ಎಂದು ನಾನು ಹೇಳೋದಿಲ್ಲ. ಐವತ್ತು ವರ್ಷ ಜೊತೆಗಿದ್ದವರನ್ನು ಕಳಕೊಂಡ ದುಃಖ ಮೊರದಲ್ಲಿ ಕೇರಿ ಎಸೆಯುವಂಥದ್ದಲ್ಲ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಆಕೆಗಾಗಿ ಒಂದು ಕೆಲಸ ಕಾಯುತ್ತಿತ್ತು. ಈಚೆಗೆ ಬಂದಾಗ ಪ್ರಸಾದ ತಗೊಂಡು, "ಬೇಗ ಕೊಡಿ ಬುದ್ಧಿ, ಬಸ್ಸು ಹೊರಟೋಯ್ತದೆ, ನಾಳೆ ಮನೇಲಿ ಕೆಲ್ಸ ಅದೆ" ಅಂದರು. ಮಕ್ಕಳಾದವರೂ ಇದನ್ನು ಗಮನಿಸಬೇಕು. ಅಪ್ಪ ಅಮ್ಮನನ್ನು ಕೂರಿಸಿ ಅನ್ನ ಹಾಕಿದರೆ ಸಾಲದು, ಅವರ ಕೈಗೆ ಆಗುವಂಥ ಒಂದು ಕೆಲಸವನ್ನು ಕಿತ್ತುಕೊಳ್ಳದೆ ಬಿಡಬೇಕು. ಹಿಟ್ಟು ನೆಲಕ್ಕೆ ಚೆಲ್ಲಿದರೆ ಚೆಲ್ಲಲಿ.

ಇನ್ನು ಸಂತೃಪ್ತಿಯ ವಿಷಯ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಿಂದ ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಅನುಭವದ ಮಾತಿನಲ್ಲಿ ಮೈಮರೆತು ಕೂತುಬಿಟ್ಟರು. ಹೊತ್ತಾಯಿತು, ಕಾಯಕಕ್ಕೆ ಏಳಿ ಎಂದು ಲಕ್ಕಮ್ಮನವರು ಎಚ್ಚರಿಸಿದರು. ಅವಸರದಲ್ಲಿ ಹೋದ ಮಾರಯ್ಯನವರು ಅಂದು ದಿನಕ್ಕಿಂತ ಹೆಚ್ಚು ಅಕ್ಕಿ ತಂದರು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಡಬ್ಬಕ್ಕೆ ತುಂಬಿ, ನಾಳೆಗಾಯಿತು ಅಂತಿದ್ದೆವು. ಆ ತಾಯಿ ಮಾತ್ರ, ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚು, ಇದು ಆಸೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ಆಕೆ ಕಾಯಕಕ್ಕೆ ಏಳಿ ಅಂತಲೂ ಹೇಳಿದಳು, ಹೆಚ್ಚು ಬೇಡ ಅಂತಲೂ ಹೇಳಿದಳು. ತೃಪ್ತಿ ಅಂದರೆ ಕೈಕಟ್ಟಿ ಕೂರೋದು ಅಂದುಕೊಂಡವರು ಈ ಎರಡನ್ನೂ ಜೊತೆಯಲ್ಲಿಟ್ಟು ನೋಡಬೇಕು.

ಮುಪ್ಪಿನಲ್ಲಿ ಆಸೆ ದುಡ್ಡಿನದಷ್ಟೇ ಅಲ್ಲ. ಮಾತಿನ ಆಸೆ ದೊಡ್ಡದು. ಮಗ ದಿನಾ ಫೋನ್ ಮಾಡಬೇಕು, ಮಾಡಿದರೆ ಹತ್ತು ನಿಮಿಷ ಮಾತಾಡಬೇಕು, ಮನೇಲಿ ಎಲ್ಲದಕ್ಕೂ ನನ್ನನ್ನೇ ಕೇಳಬೇಕು. ಸಿಕ್ಕಿದ್ದನ್ನು ಬಿಟ್ಟು ಸಿಗದಿದ್ದನ್ನೇ ಅಳೆಯುತ್ತಾ ಕೂತರೆ ಮೂರು ಸೇರಿನ ಮನೆಯಲ್ಲೂ ಹಸಿವು. ಊಟದ ವಿಷಯವನ್ನೇ ತಗೊಳ್ಳಿ. ಸಾರಿಗೆ ಉಪ್ಪು ಕಮ್ಮಿ ಅಂತ ಒಂದು ಸಲ ಹೇಳಿದರೆ ಅದು ಸುದ್ದಿ. ಎರಡನೇ ಸಲ ಹೇಳಿದರೆ ಜಗಳ. ಎರಡನೇ ಮಾತನ್ನು ನುಂಗಿಕೊಳ್ಳುವುದೂ ಒಂದು ನೇಮವೇ, ಅದಕ್ಕೆ ಬೆಳಗಿನ ಜಾವ ಏಳಬೇಕಾಗಿಯೂ ಇಲ್ಲ. (ಹೇಗೂ ಬಿಪಿ ಇದ್ದವರಿಗೆ ಉಪ್ಪು ಕಮ್ಮಿ ಇದ್ದರೇ ಒಳ್ಳೇದು ಅಂತ ಡಾಕ್ಟರ್ ಹೇಳಿರುತ್ತಾರೆ!) ರಾತ್ರಿ ಮೊಬೈಲಿನಲ್ಲಿ ಬರುವ ಹೆದರಿಸುವ ಸುದ್ದಿಗಳನ್ನು ನೋಡುತ್ತಾ ಮಲಗಿ, ನಿದ್ದೆ ಬರಲಿಲ್ಲ ಅಂತ ಬೆಳಗ್ಗೆ ದೇವರನ್ನು ದೂರುವವರೂ ಇದ್ದಾರೆ. ಅದನ್ನು ಬೇರೆ ಕೋಣೆಯಲ್ಲಿ ಇಟ್ಟು ಮಲಗಿ ನೋಡಿ.

ಉಪವಾಸದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದು ಪ್ರಾಣದ ಪ್ರಶ್ನೆ. ಸೋಮವಾರ, ಅಮಾವಾಸ್ಯೆ, ಶಿವರಾತ್ರಿ ಎಂದು ಹಿರಿಯರು ಉಪವಾಸ ಇದ್ದು ಬೆಟ್ಟ ಹತ್ತುತ್ತಾರೆ. ಅದರ ಜೊತೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಊಟ ಮಾಡದೆ ನಡೆಯುತ್ತಾರೆ. ಎರಡೂ ಅಪಾಯ. ರಕ್ತದಲ್ಲಿ ಸಕ್ಕರೆ ಇಳಿದರೆ ಬೆವರು, ಕೈಕಾಲು ನಡುಕ, ಕಣ್ಣು ಕತ್ತಲೆ ಬರುತ್ತೆ. ಹಾಗಾದ ತಕ್ಷಣ ಕೂತು ಬೆಲ್ಲವನ್ನೋ ಲಾಡು ಪ್ರಸಾದವನ್ನೋ ಬಾಯಿಗೆ ಹಾಕಿಕೊಳ್ಳಬೇಕು, ಜೊತೆಯವರಿಗೆ ಹೇಳಬೇಕು. ಉಪವಾಸ ಇರಬಹುದೇ, ಆ ದಿನ ಮಾತ್ರೆ ಹೇಗೆ ಎಂದು ಮೊದಲೇ ಡಾಕ್ಟರನ್ನು ಕೇಳಿಕೊಂಡು ಬನ್ನಿ. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗಲ್ಲ, ಆದ್ದರಿಂದ ದಾಹ ಆಗುವ ತನಕ ಕಾಯದೆ ಆಗಾಗ್ಗೆ ನೀರು ಕುಡಿಯಬೇಕು. ರಾಗಿ ಬೀಸಿ ಹಸಿದವರಿಗೆ ಅನ್ನವಾದ ಸ್ವಾಮಿ, ಮುದುಕರೊಬ್ಬರು ತುತ್ತು ಉಂಡು ಮಾತ್ರೆ ನುಂಗಿದರು ಅಂತ ಮುನಿಸಿಕೊಳ್ಳುತ್ತಾರೆಯೇ?

ನೇಮದಿಂದ ಎಲ್ಲಾ ಸರಿಹೋಗುತ್ತೆ ಎಂದು ಹೇಳಿ ತಮ್ಮನ್ನು ಕಳಿಸುವುದು ನ್ಯಾಯವಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕಿ ಏನು ಫಲ ಎಂಬ ಮಾತು ಬಾಯಲ್ಲಿ ಬರುತ್ತಿದ್ದರೆ, ಅಥವಾ ಗೊತ್ತಿರುವ ದಾರಿಯೇ ಮರೆತುಹೋಗುತ್ತಿದ್ದರೆ ಅದು ಕಾಯಿಲೆ. ಗಾಳಿ ಸೋಕಿದೆ ಎಂದು ಅಲ್ಲಿ ಇಲ್ಲಿ ಅಲೆದಾಡಿಸದೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರಲ್ಲಿ ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭಿಸಿದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹಾಗೆಯೇ, ಮನೆಯಲ್ಲಿ ಅನ್ನವನ್ನೇ ಹಾಕದೆ ಹೊರಗೆ ತಳ್ಳಿದವರಿಗೆ ಗಿಡಕ್ಕೆ ನೀರು ಹಾಕಿ ಎಂದು ಬೋಧನೆ ಮಾಡುವಷ್ಟು ಕಲ್ಲು ಮನಸ್ಸು ನನಗಿಲ್ಲ. ತಂದೆ ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ ಇದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟರೆ ಮಕ್ಕಳಿಂದ ತಿಂಗಳ ಜೀವನಾಂಶ ಕೊಡಿಸುವ ಅಧಿಕಾರ ಅವರಿಗಿದೆ. ವಕೀಲರೇ ಬೇಕೆಂದಿಲ್ಲ. ಹಿರಿಯರ ಸಹಾಯವಾಣಿ 14567ರಲ್ಲಿ ವಿಚಾರಿಸಬಹುದು. ನಾಚಿಕೊಳ್ಳಬೇಕಾದವರು ಕೇಳುವವರಲ್ಲ, ಕೊಡದವರು.

ಉಳಿದವರು, ದರ್ಶನ ಮುಗಿಸಿ ಹೊರಗೆ ಬಂದು ಕೂತಾಗ, ಯಾವ ನೇಮ ಎಂದು ಇಲ್ಲೇ ಆರಿಸಿಕೊಳ್ಳಿ. ಒಂದೇ ಸಾಕು. ಗಂಡ ಹೆಂಡತಿ ಇಬ್ಬರೂ ಬಂದಿದ್ದರೆ ಇಬ್ಬರಿಗೂ ಬೇರೆ ಬೇರೆ ಇರಲಿ, ಒಂದೇ ಕೆಲಸವಾದರೆ ಹೇಗೆ ಮಾಡಬೇಕು ಅಂತ ಜಗಳ ಹತ್ತುತ್ತೆ. ಅಂತರಗಂಗೆಯಲ್ಲಿ ಸ್ನಾನಕ್ಕೆ ಇಳಿಯುವ ಹಿರಿಯರು ಮೆಟ್ಟಿಲಲ್ಲಿ ಕಂಬಿಯನ್ನೋ ಮಗನ ಕೈಯನ್ನೋ ಹಿಡಿದು ಇಳಿಯಿರಿ, ಒದ್ದೆ ಕಲ್ಲು ಜಾರುತ್ತೆ. ದಾಸೋಹದಲ್ಲಿ ಊಟ ಮಾಡದೆ ಹೋಗಬೇಡಿ. ಮೈಸೂರಿಗೆ ಸುಮಾರು 150 ಕಿಲೋಮೀಟರ್, ಘಾಟಿಯ ತಿರುವುಗಳಲ್ಲಿ ಕುಲುಕಿ ಮನೆ ಸೇರುವಷ್ಟರಲ್ಲಿ ಮೈಕೈ ನೋವಾಗಿರುತ್ತೆ. ಮಾರನೇ ದಿನ ಬೆಳಗ್ಗೆ, ಇವತ್ತೊಂದು ದಿನ ಬಿಡೋಣ, ನಾಳೆಯಿಂದ ಶುರು ಮಾಡೋಣ ಅಂತ ಮನಸ್ಸು ಹೇಳುತ್ತೆ. ಅವತ್ತೇ ಶುರು ಮಾಡಿ. ತುಂಬಿದ ಚೊಂಬು ಎತ್ತೋಕೆ ಆಗದಿದ್ದರೆ ಅರ್ಧ ಚೊಂಬು ಹಾಕಿ, ಗಿಡ ಬೇಸರ ಮಾಡಿಕೊಳ್ಳಲ್ಲ.

ಉಘೇ ಮಾದಪ್ಪ, ಉಘೇ ಮಾದಪ್ಪ.